ಫೋಟೋ ಎಲ್ಲಿಯದು? ಫೋಟೋ ಯಾರದು?

ಬಸ್ಸಲ್ಲಿ ಕೇಳ್ತಿರೋರು, ಅಡುಗೆಮನೇಲಿ ಕೇಳ್ತಿರೋರು, ಆಫೀಸಲ್ಲಿ ಇಯರ್‌ಫೋನ್ ಸಿಕ್ಕಿಸಿಕೊಂಡು ಮೀಟಿಂಗಲ್ಲಿ ಇರೋ ಹಾಗೆ ಮುಖ ಮಾಡ್ಕೊಂಡಿರೋರು, ಎಲ್ಲರಿಗೂ ಸ್ವಾಗತ. ಇವತ್ತು ಅತಿಥಿಗಳು ಯಾರೂ ಇಲ್ಲ. ನಾನೊಬ್ಬನೇ. ಯಾಕಂದ್ರೆ ಇವತ್ತಿನ ವಿಷಯ ನಾನೇ ಮಾಡಿದ ಎರಡು ತಪ್ಪು. ಎರಡೂ ಒಂದೇ ಸಂಚಿಕೆಯಲ್ಲಿ, ಒಂದೇ ವಾರದಲ್ಲಿ.

ಒಂದೂವರೆ ವರ್ಷದ ಹಿಂದೆ ಕೊಡಗಿನ ಸಣ್ಣ ಕಾಫಿ ಬೆಳೆಗಾರರ ಸಾಲದ ಬಗ್ಗೆ ಒಂದು ಸಂಚಿಕೆ ಮಾಡಿದ್ದೆ. ನಾಲ್ಕು ಜನ ಬೆಳೆಗಾರರ ಹತ್ತಿರ ಮಾತಾಡಿದ್ದೆ. ಬಡ್ಡಿ ಲೆಕ್ಕವನ್ನು ಎರಡು ಸಲ ಹಾಕಿ ನೋಡಿದ್ದೆ. ಬಿಕಾಂ ಓದಿದವನು ನಾನು, ಬಡ್ಡಿ ಲೆಕ್ಕ ತಪ್ಪಿದ್ರೆ ನಮ್ಮ ಮೇಷ್ಟ್ರು ಕನಸಲ್ಲಿ ಬಂದು ಬೈತಾರೆ. ಎಡಿಟಿಂಗ್ ಮುಗಿದಾಗ ರಾತ್ರಿ ಒಂದೂವರೆ. ಥಂಬ್‌ನೇಲ್ ಒಂದು ಬಾಕಿ ಇತ್ತು. ಉಚಿತವಾಗಿ ಫೋಟೋ ಸಿಗುವ ಒಂದು ಸೈಟ್ ತೆಗೆದು 'ಕೂರ್ಗ್ ಪ್ಲಾಂಟೇಶನ್' ಅಂತ ಟೈಪ್ ಮಾಡಿದೆ. ಮೊದಲ ಸಾಲಲ್ಲೇ ಒಂದು ಚೆಂದದ ಫೋಟೋ. ಹಸಿರು ಇಳಿಜಾರು, ಹಿಂದೆ ಮಂಜು, ಬೆನ್ನಿಗೆ ಚೀಲ ಇಳಿಬಿಟ್ಟುಕೊಂಡು ನಿಂತ ಐವತ್ತರ ಆಸುಪಾಸಿನ ಒಬ್ಬ ಹೆಂಗಸು. ಆಕೆ ನೇರವಾಗಿ ಕ್ಯಾಮೆರಾ ಕಡೆ ನೋಡ್ತಿದ್ದಾರೆ. ಡೌನ್‌ಲೋಡ್ ಮಾಡಿದೆ. ಅವರ ಪಕ್ಕದಲ್ಲಿ ಹಳದಿ ದಪ್ಪಕ್ಷರದಲ್ಲಿ 'ಸಾಲ ತೀರಿಸೋಕೆ ಆಗ್ತಿಲ್ಲ' ಅಂತ ಬರೆದು, ಪಬ್ಲಿಷ್ ಒತ್ತಿ, ಮಲಗಿದೆ. ಮೂರು ವಾರದ ಸಂಚಿಕೆಗೆ ಫೋಟೋ ಹುಡುಕಲು ಕೊಟ್ಟ ಸಮಯ ನಾಲ್ಕು ನಿಮಿಷ.

ಬೆಳಿಗ್ಗೆ ಎದ್ದಾಗ ಮಡಿಕೇರಿ ಕಡೆಯ ಒಬ್ಬಳು ಕೇಳುಗಳಿಂದ ಮೆಸೇಜ್ ಬಂದಿತ್ತು. ಡಿಗ್ರಿ ಓದುವ ಹುಡುಗಿ. 'ಅಣ್ಣ, ಸಂಚಿಕೆ ತುಂಬಾ ಚೆನ್ನಾಗಿದೆ. ಆದ್ರೆ ಫೋಟೋಲಿರೋದು ಟೀ.'

ಹೌದು, ಟೀ. ಮತ್ತೆ ನೋಡಿದೆ, ನಾಚಿಕೆ ಆಯ್ತು. ಟೀ ತೋಟ ಅಂದ್ರೆ ಇಸ್ತ್ರಿ ಮಾಡಿದ ಹಾಗೆ ಒಂದೇ ಎತ್ತರಕ್ಕೆ ಕತ್ತರಿಸಿದ ಗಿಡಗಳು, ಬಹುಪಾಲು ಬಯಲು ಇಳಿಜಾರು. ನಮ್ಮ ಕಾಫಿ ತೋಟ ಅಂದ್ರೆ ನೆರಳು. ಮೇಲೆ ಸಿಲ್ವರ್ ಓಕ್, ಕಾಡು ಮರಗಳು, ಆ ಮರಗಳಿಗೆ ಹಬ್ಬಿದ ಕರಿಮೆಣಸಿನ ಬಳ್ಳಿ, ಕೆಳಗೆ ಕಾಫಿ ಗಿಡ. ದೂರದಿಂದ ನೋಡಿದ್ರೆ ತೋಟವೋ ಕಾಡೋ ಗೊತ್ತಾಗಲ್ಲ. ಕಾಫಿ ಕುಡಿಯದೆ ಬೆಳಗಾಗದ ನಾನು ಕಾಫಿ ಗಿಡವನ್ನೇ ಗುರುತಿಸಲಿಲ್ಲ. ಆಮೇಲೆ ಹುಡುಕಿದಾಗ ಅದೇ ಫೋಟೋಗ್ರಾಫರ್ ಅದೇ ದಿನ ಹಾಕಿದ ಬೇರೆ ಫೋಟೋಗಳು ಸಿಕ್ಕವು. ಅವುಗಳಲ್ಲಿ ಮಲಯಾಳಂ ಬೋರ್ಡುಗಳಿದ್ದವು. ಅವರಿಗೇ ಬರೆದು ಕೇಳಿದೆ. ಅದು ಕೇರಳದ ಮುನ್ನಾರ್.

ಇದು ತಪ್ಪು ನಂಬರ್ ಒಂದು. ಇನ್ನೊಂದು ಇದಕ್ಕಿಂತ ಬೇಗ ಆಯ್ತು.

ಗಾಬರಿಯಲ್ಲಿ ಗೂಗಲ್‌ಗೆ ಹೋಗಿ ನಿಜವಾದ ಕೊಡಗಿನ ಕಾಫಿ ಫೋಟೋ ಹುಡುಕಿದೆ. ಒಂದು ಬ್ಲಾಗ್‌ನಲ್ಲಿ ಅದ್ಭುತವಾದ ಫೋಟೋ ಸಿಕ್ಕಿತು. ಕಾಫಿ ಹೂ ಬಿಟ್ಟ ತೋಟ, ಬೆಳಗಿನ ಬೆಳಕು, ಗಿಡದ ತುಂಬ ಬಿಳಿ. ಕೆಳಗೆ ಊರಿನ ಹೆಸರೂ ಇತ್ತು, ಸೋಮವಾರಪೇಟೆ ಕಡೆಯದು. ಈ ಸಲ ಹುಷಾರಾಗಿ ಆ ಹುಡುಗಿಗೂ ಕಳಿಸಿ ಕೇಳಿದೆ. 'ಇದು ನಮ್ಮದೇ ಅಣ್ಣ' ಅಂದಳು. ಹಾಕಿದೆ. ಮೂರನೇ ದಿನ ಆ ಬ್ಲಾಗ್‌ನವರಿಂದ ಮೇಲ್ ಬಂತು. ಬೈದಿರಲಿಲ್ಲ. ಬೈದಿದ್ರೆ ಚೆನ್ನಾಗಿರ್ತಿತ್ತು.

ಅವರು ಮದುವೆ ಫೋಟೋ ತೆಗೆದು ಜೀವನ ಮಾಡುವವರು. ಬರೆದಿದ್ದು ಇಷ್ಟು: ಹೂಮಳೆ ಬಿದ್ದು ಎಂಟು ಹತ್ತು ದಿನಕ್ಕೆ ಕಾಫಿ ಹೂ ಬಿಡುತ್ತೆ, ಎರಡು ಮೂರು ದಿನ ಇರುತ್ತೆ, ಅಷ್ಟೇ. ಆ ಒಂದು ಫೋಟೋಗೆ ಎರಡು ಬೆಳಗಿನ ಜಾವ ತೋಟದಲ್ಲಿ ಕಾದಿದ್ದೇನೆ. ನೀವು ನನ್ನ ಹೆಸರನ್ನೂ ಹಾಕಿಲ್ಲ, ಕೇಳಲೂ ಇಲ್ಲ. ರೈತರಿಗೆ ಬೆಲೆ ಸಿಗ್ತಿಲ್ಲ ಅಂತ ಸಂಚಿಕೆ ಮಾಡಿದ್ದೀರಿ, ನನ್ನ ಬೆಳೆಗೂ ಒಂದು ಬೆಲೆ ಇದೆ ಸರ್.

ಆ ಮೇಲ್ ಓದಿ ಸುಮಾರು ಹೊತ್ತು ಸುಮ್ಮನೆ ಕೂತಿದ್ದೆ.

ಈಗ ಎರಡೂ ತಪ್ಪನ್ನು ಪಕ್ಕಪಕ್ಕ ಇಟ್ಟು ನೋಡಿ. ಮೊದಲ ಫೋಟೋ: ಲೈಸೆನ್ಸ್ ಸರಿ, ಜಾಗ ತಪ್ಪು. ಎರಡನೇ ಫೋಟೋ: ಜಾಗ ಸರಿ, ಲೈಸೆನ್ಸ್ ತಪ್ಪು. ಉಚಿತ ಅಂದ ಮಾತ್ರಕ್ಕೆ ನಿಜ ಅಲ್ಲ, ನಿಜ ಅಂದ ಮಾತ್ರಕ್ಕೆ ಉಚಿತ ಅಲ್ಲ. ಇವು ಎರಡು ಬೇರೆ ಬೇರೆ ಪ್ರಶ್ನೆ. ಒಂದಕ್ಕೆ ಉತ್ತರ ಸಿಕ್ಕಿದ್ರೆ ಇನ್ನೊಂದಕ್ಕೂ ಸಿಕ್ಕಿತು ಅಂತ ನಮ್ಮ ತಲೆ ನಮಗೇ ಮೋಸ ಮಾಡುತ್ತೆ.

ಆಡಿಟಿಂಗ್ ಓದಿದವರಿಗೆ ಇದು ಗೊತ್ತಿರಬೇಕಿತ್ತು. ಗೋಡೌನಲ್ಲಿ ಸರಕು ಇದೆಯಾ ಅಂತ ಕಣ್ಣಾರೆ ನೋಡೋದು ಒಂದು ಕೆಲಸ. ಆ ಸರಕು ನಮ್ಮದೇನಾ, ಬಿಲ್ ಇದೆಯಾ ಅಂತ ನೋಡೋದು ಇನ್ನೊಂದು ಕೆಲಸ. ಸ್ಟಾಕ್ ಫೋಟೋ ಅನ್ನೋ ಹೆಸರಲ್ಲೇ ಸ್ಟಾಕ್ ಇದೆ, ಆದ್ರೂ ನಾನು ಸ್ಟಾಕ್ ಟೇಕಿಂಗ್ ಮಾಡಲಿಲ್ಲ.

ಇದು ನನ್ನಂಥ ಒಂದು ಮೈಕಿನ ಮನುಷ್ಯನಿಗೆ ಮಾತ್ರ ಆಗೋದಲ್ಲ. 2017ರಲ್ಲಿ ಕೇಂದ್ರ ಗೃಹ ಸಚಿವಾಲಯದ ವಾರ್ಷಿಕ ವರದಿಯಲ್ಲಿ ಗಡಿಗೆ ಫ್ಲಡ್‌ಲೈಟ್ ಹಾಕಿದ್ದೇವೆ ಅಂತ ಒಂದು ಫೋಟೋ ಬಂತು. ಆಲ್ಟ್ ನ್ಯೂಸ್‌ನವರು ಹುಡುಕಿದಾಗ ಅದು ಭಾರತದ ಗಡಿಯೇ ಅಲ್ಲ, ಸ್ಪೇನ್ ಮತ್ತು ಮೊರಾಕೊ ನಡುವಿನ ಸೆಯುಟಾ ಗಡಿ ಅಂತ ಗೊತ್ತಾಯ್ತು. ಸ್ಪೇನಿನ ಹಾವಿಯೆರ್ ಮೊಯಾನೊ 2006ರಲ್ಲಿ ತೆಗೆದ ಫೋಟೋ ಅದು. ಅಷ್ಟು ದೊಡ್ಡ ಕಚೇರಿ, ಎಷ್ಟೋ ಕೈ ದಾಟಿ ಬಂದ ವರದಿ. ಫೋಟೋ ಎಲ್ಲಿಂದ ಬಂತು ಅಂತ ಯಾರೂ ಕೇಳಿರಲಿಲ್ಲ.

2021ರ ಸೆಪ್ಟೆಂಬರಲ್ಲಿ ಉತ್ತರ ಪ್ರದೇಶದ ಅಭಿವೃದ್ಧಿಯ ಬಗ್ಗೆ ಒಂದು ಇಂಗ್ಲಿಷ್ ಪತ್ರಿಕೆಯ ಮುಖಪುಟದಲ್ಲಿ ಜಾಹೀರಾತು ಬಂತು. ಅದರಲ್ಲಿದ್ದ ಫ್ಲೈಓವರ್ ಮೇಲೆ ಹಳದಿ ಟ್ಯಾಕ್ಸಿ. ಕೋಲ್ಕತ್ತಾದವರು ಒಂದೇ ನೋಟಕ್ಕೆ ಹೇಳಿದ್ರು, ಇದು ನಮ್ಮ ಮಾ ಫ್ಲೈಓವರ್ ಅಂತ. ತಪ್ಪು ನಮ್ಮ ಮಾರ್ಕೆಟಿಂಗ್ ವಿಭಾಗದ್ದು ಅಂತ ಪತ್ರಿಕೆಯೇ ಒಪ್ಪಿಕೊಂಡಿತು. ಗಮನಿಸಿ, ಅಲ್ಲೂ ಸಾಕ್ಷಿ ಫೋಟೋ ಒಳಗೇ ಇತ್ತು. ಒಂದು ಟ್ಯಾಕ್ಸಿಯ ಬಣ್ಣ.

ಇವೆರಡೂ ಮುಜುಗರದ ಕಥೆ. ಮೂರನೆಯದು ಬೇರೆ ಥರ. 2015ರಲ್ಲಿ ನೇಪಾಳದಲ್ಲಿ ಭೂಕಂಪ ಆದಾಗ ಒಂದು ಫೋಟೋ ಜಗತ್ತೆಲ್ಲ ಓಡಾಡಿತು. ಪುಟ್ಟ ಅಣ್ಣ ಅಳ್ತಿರೋ ತಂಗಿಯನ್ನು ತಬ್ಬಿಕೊಂಡಿದ್ದಾನೆ. ಅದನ್ನು ಹಾಕಿ ದೇಣಿಗೆಯನ್ನೂ ಕೇಳಿದ್ರು. ಆ ಮಕ್ಕಳು ನೇಪಾಳದವರೇ ಅಲ್ಲ. ವಿಯೆಟ್ನಾಂನ ಹಾ ಜಿಯಾಂಗ್ ಪ್ರಾಂತ್ಯದ ಒಂದು ಹಳ್ಳಿಯಲ್ಲಿ ನಾ ಸೊನ್ ನುಯೆನ್ ಅನ್ನುವ ಛಾಯಾಗ್ರಾಹಕ 2007ರಲ್ಲಿ ತೆಗೆದ ಫೋಟೋ. ಅಪ್ಪ ಅಮ್ಮ ಹೊಲದಲ್ಲಿದ್ರು, ಮಕ್ಕಳು ಮನೆ ಮುಂದೆ ಆಡ್ತಿದ್ರು. ಅಷ್ಟೇ ಕಥೆ. ಅದಕ್ಕೂ ಮುಂಚೆ ಅದೇ ಮಕ್ಕಳನ್ನು ಬರ್ಮಾದ ಅನಾಥರು, ಸಿರಿಯಾ ಯುದ್ಧದ ಸಂತ್ರಸ್ತರು ಅಂತೆಲ್ಲ ಹೇಳಿ ಹಂಚಿದ್ರು. ಅಪ್ಪ ಅಮ್ಮ ಇರುವ ಮಕ್ಕಳನ್ನು ಇಂಟರ್ನೆಟ್ ಅನಾಥರನ್ನಾಗಿ ಮಾಡಿಬಿಟ್ಟಿತು. ಇದು ನನ್ನ ಫೋಟೋ ಅಂತ ಹೇಳಿಕೊಳ್ಳಲು ಆ ಛಾಯಾಗ್ರಾಹಕರು ಪಟ್ಟ ಪಾಡಿಗೂ ಹೆಚ್ಚು ಫಲ ಸಿಗಲಿಲ್ಲ. ಇಲ್ಲಿ ಜಾಗವೂ ಕಳೆದುಹೋಯಿತು, ಹಕ್ಕೂ ಕಳೆದುಹೋಯಿತು.

ಸರಿ, ಈಗ ಕೆಲಸದ ಮಾತು. ನಾನು ಈಗ ಏನು ಮಾಡ್ತೀನಿ ಅಂತ ಒಂದೊಂದಾಗಿ ಹೇಳ್ತೀನಿ. ಫೋನಲ್ಲೇ ಮಾಡಬಹುದು, ದುಡ್ಡು ಖರ್ಚಿಲ್ಲ.

ಮೊದಲು, ಎಲ್ಲಿಯದು?

ಒಂದು ವಿಷಯ ತಲೇಲಿ ಇಟ್ಕೊಳ್ಳಿ. ಸ್ಟಾಕ್ ಸೈಟಲ್ಲಿ ಫೋಟೋ ಕೆಳಗೆ ಇರುವ ಹೆಸರು ಮತ್ತು ಟ್ಯಾಗ್‌ಗಳನ್ನು ಬರೆದಿರೋದು ಸಾಮಾನ್ಯವಾಗಿ ಅಪ್‌ಲೋಡ್ ಮಾಡಿದವರೇ. ಹೆಚ್ಚು ಜನಕ್ಕೆ ಕಾಣಲಿ ಅಂತ ಒಂದೇ ಫೋಟೋಗೆ ಇಂಡಿಯಾ, ಕೇರಳ, ಕೂರ್ಗ್, ಊಟಿ, ಟೀ, ಕಾಫಿ, ಎಲ್ಲ ತುಂಬಿರ್ತಾರೆ. ಟ್ಯಾಗ್ ಅನ್ನೋದು ಅಂಗಡಿಯ ಬೋರ್ಡ್ ಇದ್ದ ಹಾಗೆ, ಗಿರಾಕಿ ಒಳಗೆ ಬರಲಿ ಅಂತ ಹಾಕಿರೋದು. ಅದು ಸಾಕ್ಷಿ ಅಲ್ಲ.

ಹಾಗಾಗಿ ಮೊದಲ ಹೆಜ್ಜೆ, ಫೋಟೋವನ್ನೇ ಕೊಟ್ಟು ಹುಡುಕಿ. ಗೂಗಲ್ ಲೆನ್ಸ್ ಹೆಚ್ಚಿನ ಫೋನುಗಳಲ್ಲಿ ಸಿಗುತ್ತೆ. ಟಿನ್‌ಐ ಅನ್ನುವ ಸೈಟಲ್ಲಿ ಸಿಕ್ಕ ಫಲಿತಾಂಶಗಳನ್ನು ಹಳೆಯದರಿಂದ ಹೊಸದಕ್ಕೆ ಜೋಡಿಸಿ ನೋಡಬಹುದು. ಇದು ತುಂಬಾ ಉಪಯೋಗಕ್ಕೆ ಬರುತ್ತೆ. ಮೊನ್ನೆಯ ಪ್ರವಾಹದ್ದು ಅಂತ ಬಂದ ಫೋಟೋ ಆರು ವರ್ಷದ ಹಿಂದೆಯೇ ಎಲ್ಲೋ ಇದ್ರೆ, ಅಲ್ಲಿಗೆ ಮುಗೀತು. ಇಡೀ ಫೋಟೋಗೆ ಏನೂ ಸಿಗದಿದ್ರೆ ಒಂದು ಭಾಗವನ್ನು ಮಾತ್ರ ಕ್ರಾಪ್ ಮಾಡಿ ಹಾಕಿ. ಗೋಪುರ ಮಾತ್ರ, ಬೋರ್ಡ್ ಮಾತ್ರ, ಬೆಟ್ಟದ ತುದಿ ಮಾತ್ರ. ಕೆಲವರು ಫೋಟೋವನ್ನು ಕನ್ನಡಿಯ ಹಾಗೆ ಎಡ ಬಲ ತಿರುಗಿಸಿರ್ತಾರೆ. ಅಕ್ಷರಗಳು ಉಲ್ಟಾ ಇದ್ರೆ ಅನುಮಾನ ಪಡಿ.

ಎರಡನೇ ಹೆಜ್ಜೆ, ಫೋಟೋಗ್ರಾಫರ್‌ನ ಉಳಿದ ಫೋಟೋಗಳನ್ನು ನೋಡಿ. ಅದೇ ಬೆಳಕು, ಅದೇ ರಸ್ತೆ, ಅದೇ ಬಟ್ಟೆ ಹಾಕಿದ ಜನ ಇನ್ನೊಂದು ಫೋಟೋದಲ್ಲಿ ಇರ್ತಾರೆ. ನನ್ನ ಮುನ್ನಾರ್ ಬಯಲಾಗಿದ್ದು ಹಾಗೇ.

ಮೂರನೇ ಹೆಜ್ಜೆ, ಫೋಟೋ ಒಳಗೆ ಇಳಿದು ನೋಡಿ. ಅಂಗಡಿ ಬೋರ್ಡ್ ಯಾವ ಲಿಪಿ? ಕಂಬ, ಹೆಂಚು, ಆಟೋದ ಬಣ್ಣ, ಸರ್ಕಾರಿ ಬಸ್ಸಿನ ಬಣ್ಣ ಹೇಗಿದೆ? ಮೈಲಿಗಲ್ಲಿನ ತಲೆ ಹಳದಿ ಇದ್ರೆ ರಾಷ್ಟ್ರೀಯ ಹೆದ್ದಾರಿ, ಹಸಿರು ಇದ್ರೆ ರಾಜ್ಯ ಹೆದ್ದಾರಿ. ಗಾಡಿ ನಂಬರ್ ನೋಡಿ, ಆದ್ರೆ ಅದನ್ನೇ ನಂಬಬೇಡಿ. ಕೆಎ 12 ಅಂದ್ರೆ ಮಡಿಕೇರಿಯ ಗಾಡಿ, ನಿಜ. ಆದ್ರೆ ಮಡಿಕೇರಿಯವರು ಊಟಿಗೆ ಟ್ರಿಪ್ ಹೋಗಲ್ವಾ? ನಂಬರ್ ಪ್ಲೇಟ್ ಗಾಡಿಯ ಊರು ಹೇಳುತ್ತೆ, ರಸ್ತೆಯ ಊರು ಹೇಳಲ್ಲ. ಒಂದೇ ಗಾಡಿ ಇದ್ರೆ ಅನುಮಾನ, ಹತ್ತೂ ಗಾಡಿ ಕೆಎಲ್ ಇದ್ರೆ ಆಗ ಕೇರಳ ಅನ್ನೋಕೆ ಸ್ವಲ್ಪ ಧೈರ್ಯ ಬರುತ್ತೆ.

ನಾಲ್ಕನೇ ಹೆಜ್ಜೆ, ನಕ್ಷೆ. ಗೂಗಲ್ ಮ್ಯಾಪ್ಸ್‌ನಲ್ಲಿ ಆ ಜಾಗಕ್ಕೆ ಹೋಗಿ ಜನ ಹಾಕಿರುವ ಫೋಟೋಗಳ ಜೊತೆ ಹೋಲಿಸಿ. ಸ್ಟ್ರೀಟ್ ವ್ಯೂ 2022ರಲ್ಲಿ ನಮ್ಮ ದೇಶದಲ್ಲಿ ಮತ್ತೆ ಶುರುವಾಯ್ತು, ಮೊದಲ ಹತ್ತು ನಗರಗಳಲ್ಲಿ ಬೆಂಗಳೂರೂ ಒಂದು. ಬೀದಿಯಲ್ಲಿ ನಿಂತ ಹಾಗೆ ತಿರುಗಿ ನೋಡಬಹುದು. ಬೆಟ್ಟದ ಸಾಲು ಇದ್ರೆ ಗೂಗಲ್ ಅರ್ಥ್‌ನಲ್ಲಿ ಓರೆಯಾಗಿಸಿ ನೋಡಿ, ಬೆಟ್ಟದ ಅಂಚಿನ ಗೆರೆ ಒಂದು ಊರಿಂದ ಇನ್ನೊಂದು ಊರಿಗೆ ಸುಲಭಕ್ಕೆ ಹೊಂದಲ್ಲ.

ಕೆಲವರು ಕೇಳ್ತೀರಿ, ಫೋಟೋ ಫೈಲ್ ಒಳಗೇ ಜಿಪಿಎಸ್ ಇರುತ್ತಲ್ವಾ ಅಂತ. ಇರಬಹುದು. ಆದ್ರೆ ವಾಟ್ಸಾಪಲ್ಲಿ ಸಾಮಾನ್ಯವಾಗಿ ಫೋಟೋ ಕಳಿಸಿದಾಗ ಆ ಮಾಹಿತಿ ಅಳಿಸಿಹೋಗಿರುತ್ತೆ. ಇದ್ರೂ ಅದನ್ನು ತಿದ್ದಬಹುದು. ಹಾಗಾಗಿ ಅದೂ ಒಂದು ಸುಳಿವು ಅಷ್ಟೇ.

ಇನ್ನೊಂದು ಮಾತು. ಜಾಗ ಸರಿ ಇದ್ರೂ ಕಾಲ ತಪ್ಪಿರಬಹುದು. ವಿಂಡೋಸ್ ಎಕ್ಸ್‌ಪಿಯ ಹಸಿರು ಗುಡ್ಡ ನೆನಪಿದೆಯಾ? ಶಾಲೆಯ ಕಂಪ್ಯೂಟರ್ ಲ್ಯಾಬಲ್ಲಿ ನಾವೆಲ್ಲ ನೋಡಿದ್ದು. ಅದು ಕಂಪ್ಯೂಟರಲ್ಲಿ ಬಿಡಿಸಿದ ಚಿತ್ರ ಅಲ್ಲ. ಚಾರ್ಲ್ಸ್ ಓರೇರ್ ಅನ್ನೋರು 1996ರಲ್ಲಿ ಕ್ಯಾಲಿಫೋರ್ನಿಯಾದ ಸೊನೋಮಾದಲ್ಲಿ ಫಿಲ್ಮ್ ಕ್ಯಾಮೆರಾದಲ್ಲಿ ತೆಗೆದ ನಿಜವಾದ ಫೋಟೋ. ಅದೂ ಒಂದು ಸ್ಟಾಕ್ ಏಜೆನ್ಸಿಯ ಮೂಲಕ ಮಾರಾಟವಾಗಿದ್ದೇ. ಅಲ್ಲಿ ದ್ರಾಕ್ಷಿ ಬಳ್ಳಿಗಳಿಗೆ ಕೀಟದ ಕಾಟ ಬಂದು ಕಿತ್ತು ಹಾಕಿದ್ರು, ಹಾಗಾಗಿ ಆಗ ಬರೀ ಹುಲ್ಲಿತ್ತು. ಆಮೇಲೆ ಮತ್ತೆ ದ್ರಾಕ್ಷಿ ನೆಟ್ಟರು. ಅದೇ ಗುಡ್ಡ, ಬೇರೆ ನೋಟ. ನಮ್ಮ ಕೆರೆ, ನಮ್ಮ ರಸ್ತೆಗಳ ಕಥೆಯೂ ಅಷ್ಟೇ. ತುಂಬಿದ ಕೆರೆಯ ಹಳೇ ಫೋಟೋ ಹಾಕಿ ಈಗಿನ ಕೆರೆ ಅಂದ್ರೆ, ಊರು ಸರಿ ಆದ್ರೂ ಸುಳ್ಳೇ.

ಜೊತೆಗೆ ಈಗ ಎಐ ಕಾಟ ಬೇರೆ. ಸ್ಟಾಕ್ ಸೈಟ್‌ಗಳಲ್ಲೇ ಎಐ ಮಾಡಿದ ಚಿತ್ರಗಳೂ ಮಾರಾಟಕ್ಕಿವೆ. ಕೆಲವು ಸೈಟುಗಳು ಅದನ್ನು ಲೇಬಲ್ ಮಾಡಿರ್ತವೆ, ಹುಡುಕುವಾಗ ಅಂಥವನ್ನು ತೆಗೆದುಹಾಕುವ ಫಿಲ್ಟರ್ ಕೂಡ ಇರುತ್ತೆ. ಹಾಕ್ಕೊಳ್ಳಿ. ಇಲ್ಲದ ಊರನ್ನು ನಕ್ಷೆಯಲ್ಲಿ ಹುಡುಕಿ ಸುಸ್ತಾಗೋದು ತಪ್ಪುತ್ತೆ.

ಐದನೇ ಹೆಜ್ಜೆ, ಆ ಊರಿನವರನ್ನು ಕೇಳಿ. ಎಲ್ಲಾ ಆ್ಯಪ್‌ಗಳಿಗಿಂತ ಬೇಗ ಉತ್ತರ ಕೊಟ್ಟಿದ್ದು ಆ ಮಡಿಕೇರಿ ಹುಡುಗಿ. ನನ್ನ ನಿಯಮ ಇದು: ಒಂದಕ್ಕೊಂದು ಸಂಬಂಧ ಇಲ್ಲದ ಎರಡು ಸಾಕ್ಷಿ ಸಿಗೋವರೆಗೂ ಊರಿನ ಹೆಸರು ಬರೆಯಲ್ಲ.

ಎರಡು ಸಿಗದಿದ್ರೆ? ನಮ್ಮ ಪತ್ರಿಕೆಗಳಲ್ಲಿ ಒಂದು ಹಳೇ ಪದ ಇದೆ, 'ಸಾಂದರ್ಭಿಕ ಚಿತ್ರ'. ಒಳ್ಳೇ ಪದ. ಇದು ಅದೇ ಘಟನೆಯ ಫೋಟೋ ಅಲ್ಲ, ವಿಷಯಕ್ಕೆ ಹೊಂದುವ ಚಿತ್ರ ಅಂತ ಓದುಗರಿಗೆ ಪ್ರಾಮಾಣಿಕವಾಗಿ ಹೇಳೋದು. ಆದ್ರೆ ಅದು ಪಾಪ ತೊಳೆಯುವ ತೀರ್ಥ ಅಲ್ಲ. ಕಾಫಿಗೆ ಟೀ ಹಾಕಿ ಸಾಂದರ್ಭಿಕ ಅನ್ನೋಕಾಗಲ್ಲ. ಬೇರೆಯವರ ಫೋಟೋ ಕದ್ದು ಹಾಕಿ ಸಾಂದರ್ಭಿಕ ಅಂದ್ರೂ ಅದು ಕದ್ದಿದ್ದೇ.

ಈಗ ಎರಡನೇ ಪ್ರಶ್ನೆ, ಯಾರದು?

ನಮ್ಮ ದೇಶದ ಕಾನೂನು 1957ರ ಕೃತಿಸ್ವಾಮ್ಯ ಕಾಯ್ದೆ. ಅದರ ಪ್ರಕಾರ ಫೋಟೋ ತೆಗೆದವರೇ ಅದರ ಕರ್ತೃ. ನೋಂದಣಿ ಮಾಡಿಸಬೇಕು ಅಂತಿಲ್ಲ, ಫೋಟೋ ಮೇಲೆ ಹೆಸರೋ ವಾಟರ್‌ಮಾರ್ಕೋ ಇರಲೇಬೇಕು ಅಂತಲೂ ಇಲ್ಲ. ಕ್ಲಿಕ್ ಆದ ತಕ್ಷಣ ಹಕ್ಕು ಹುಟ್ಟುತ್ತೆ. 2012ರ ತಿದ್ದುಪಡಿ ಆದ ಮೇಲೆ ಆ ಹಕ್ಕು ಛಾಯಾಗ್ರಾಹಕರು ಬದುಕಿರುವಷ್ಟು ಕಾಲ, ಆಮೇಲೆ ಇನ್ನೂ 60 ವರ್ಷ ಇರುತ್ತೆ. ಉಲ್ಲಂಘನೆಗೆ ಆರು ತಿಂಗಳಿಂದ ಮೂರು ವರ್ಷದವರೆಗೆ ಜೈಲು, 50 ಸಾವಿರದಿಂದ 2 ಲಕ್ಷದವರೆಗೆ ದಂಡ ಅಂತ ಕಾಯ್ದೆ ಹೇಳುತ್ತೆ. ವ್ಯಾಪಾರದ ಲಾಭಕ್ಕಾಗಿ ಮಾಡದಿದ್ರೆ ಕೋರ್ಟ್ ಕಡಿಮೆ ಮಾಡಬಹುದು. ವಿಮರ್ಶೆಗೆ, ಪ್ರಚಲಿತ ಘಟನೆಗಳ ವರದಿಗೆ ನ್ಯಾಯಯುತ ಬಳಕೆ ಅಂತ ವಿನಾಯಿತಿ ಇದೆ. ಆದ್ರೆ ಥಂಬ್‌ನೇಲ್ ಚೆಂದ ಕಾಣಲಿ ಅನ್ನೋದು ವಿಮರ್ಶೆಯೂ ಅಲ್ಲ, ವರದಿಯೂ ಅಲ್ಲ.

ಒಂದು ಆಶ್ಚರ್ಯದ ವಿಷಯ. ದುಡ್ಡು ಕೊಟ್ಟು ಒಬ್ಬರನ್ನು ಕರೆಸಿ ಫೋಟೋ ತೆಗೆಸಿದ್ರೆ, ಬೇರೆ ಒಪ್ಪಂದ ಇಲ್ಲದಿದ್ರೆ, ಮೊದಲ ಹಕ್ಕುದಾರರು ತೆಗೆಸಿದವರು. ಅಂದ್ರೆ ಮದುವೆ ಫೋಟೋದ ವಿಷಯದಲ್ಲಿ ಕರೆಸಿದವರ ಹಕ್ಕು ದೊಡ್ಡದು. ಆದ್ರೆ ತೋಟದಲ್ಲಿ ತಮ್ಮ ಪಾಡಿಗೆ ತಾವು ಕಾದು ತೆಗೆದ ಕಾಫಿ ಹೂವಿನ ಫೋಟೋ ಪೂರ್ತಿ ಅವರದೇ.

ಈಗ ಪದಗಳು. 'ರಾಯಲ್ಟಿ ಫ್ರೀ' ಅಂದ್ರೆ ಪುಕ್ಕಟೆ ಅಲ್ಲ. ಒಂದು ಸಲ ದುಡ್ಡು ಕೊಟ್ರೆ ಷರತ್ತಿನೊಳಗೆ ಮತ್ತೆ ಮತ್ತೆ ಬಳಸಬಹುದು, ಪ್ರತಿ ಸಲ ರಾಯಲ್ಟಿ ಕೊಡಬೇಕಿಲ್ಲ ಅಂತ. 'ಎಡಿಟೋರಿಯಲ್ ಯೂಸ್ ಓನ್ಲಿ' ಅಂದ್ರೆ ಸುದ್ದಿಗೆ, ಲೇಖನಕ್ಕೆ ಆಗಬಹುದು, ಜಾಹೀರಾತಿಗೆ ಆಗಲ್ಲ. ಪ್ರಾಯೋಜಕರ ಪೋಸ್ಟರ್‌ಗೆ ಅದನ್ನು ಹಾಕಿದ್ರೆ ಸಿಕ್ಕಿಬೀಳ್ತೀರಿ.

ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸ್‌ಗಳು 2002ರಿಂದ ಇವೆ. ವಿಕಿಮೀಡಿಯಾ ಕಾಮನ್ಸ್‌ನಲ್ಲಿ ನಮ್ಮ ಹಂಪಿ, ಬೇಲೂರು, ಜೋಗದ ಎಷ್ಟೋ ಫೋಟೋಗಳು ಇದರಡಿ ಸಿಗ್ತವೆ. 'ಬೈ' ಅಂತ ಇದ್ರೆ ಹೆಸರು ಹಾಕಲೇಬೇಕು. 'ಎನ್‌ಸಿ' ಇದ್ರೆ ವಾಣಿಜ್ಯಕ್ಕೆ ಇಲ್ಲ. ಪಾಡ್‌ಕಾಸ್ಟಲ್ಲಿ ಜಾಹೀರಾತು ಬರುತ್ತೆ ಅಂದ್ರೆ ನಾನಂತೂ ಎನ್‌ಸಿ ಫೋಟೋ ಮುಟ್ಟಲ್ಲ. 'ಎನ್‌ಡಿ' ಇದ್ರೆ ಬದಲಾಯಿಸಿ ಹಂಚುವಂತಿಲ್ಲ, ಅಂದ್ರೆ ಮೇಲೆ ಹಳದಿ ಅಕ್ಷರ ಬರೆಯೋ ನನ್ನಂಥವರಿಗೆ ಅಲ್ಲ. 'ಎಸ್‌ಎ' ಇದ್ರೆ ನೀವು ಬದಲಾಯಿಸಿ ಮಾಡಿದ್ದನ್ನೂ ಅದೇ ಷರತ್ತಲ್ಲಿ ಹಂಚಬೇಕು. 'ಸಿಸಿ ಝೀರೋ' ಅಂದ್ರೆ ಛಾಯಾಗ್ರಾಹಕರು ತಮ್ಮ ಹಕ್ಕನ್ನು ಬಿಟ್ಟುಕೊಟ್ಟಿದ್ದಾರೆ.

ಹೆಸರು ಹಾಕೋದು ಅಂದ್ರೆ 'ಚಿತ್ರಕೃಪೆ: ಗೂಗಲ್' ಅಲ್ಲ! ಗೂಗಲ್ ಯಾವ ತೋಟದಲ್ಲೂ ಬೆಳಗಿನ ಜಾವ ಕಾದು ನಿಂತಿಲ್ಲ. ಗೂಗಲ್ ದಾರಿ ತೋರಿಸಿದೆ, ಅಷ್ಟೇ. ಫೋಟೋದ ಹೆಸರು, ತೆಗೆದವರ ಹೆಸರು, ಎಲ್ಲಿ ಸಿಕ್ಕಿತು ಅನ್ನೋ ಲಿಂಕ್, ಯಾವ ಲೈಸೆನ್ಸ್, ಈ ನಾಲ್ಕು ಹಾಕಿ.

ಅನ್‌ಸ್ಪ್ಲ್ಯಾಶ್, ಪೆಕ್ಸೆಲ್ಸ್, ಪಿಕ್ಸಾಬೇ ಥರದ ಉಚಿತ ಸೈಟುಗಳಿಗೆ ತಮ್ಮದೇ ಲೈಸೆನ್ಸ್ ಇದೆ. ಅದು ಬದಲಾಗುತ್ತೆ ಕೂಡ. ಅನ್‌ಸ್ಪ್ಲ್ಯಾಶ್ ಮೊದಲು ಸಿಸಿ ಝೀರೋ ಇತ್ತು, 2017ರಲ್ಲಿ ತನ್ನದೇ ಲೈಸೆನ್ಸ್‌ಗೆ ಬದಲಾಯ್ತು. ಹಾಗಾಗಿ ಡೌನ್‌ಲೋಡ್ ಮಾಡಿದ ದಿನವೇ ಲೈಸೆನ್ಸ್ ಪುಟದ ಸ್ಕ್ರೀನ್‌ಶಾಟ್ ತೆಗೆದಿಡಿ, ದಿನಾಂಕದ ಸಮೇತ. ಅದೇ ನಿಮ್ಮ ಬಿಲ್. ಬಿಲ್ ಇಲ್ಲದ ಖರ್ಚನ್ನು ಯಾವ ಆಡಿಟರ್ ಒಪ್ತಾನೆ ಹೇಳಿ?

ಹಾಗಂತ ದುಡ್ಡು ಕೇಳಿದವರೆಲ್ಲ ಮಾಲೀಕರೂ ಅಲ್ಲ. ಅಮೆರಿಕದ ಕ್ಯಾರಲ್ ಹೈಸ್ಮಿತ್ ಅನ್ನುವ ಛಾಯಾಗ್ರಾಹಕಿ ತಮ್ಮ ಸಾವಿರಾರು ಫೋಟೋಗಳನ್ನು ಸಾರ್ವಜನಿಕರ ಬಳಕೆಗೆ ಅಂತ ಲೈಬ್ರರಿ ಆಫ್ ಕಾಂಗ್ರೆಸ್‌ಗೆ ಕೊಟ್ಟಿದ್ರು. ಒಂದು ದಿನ ಅವರಿಗೇ ಪತ್ರ ಬಂತು. ನಿಮ್ಮ ವೆಬ್‌ಸೈಟಲ್ಲಿ ಈ ಫೋಟೋ ಬಳಸಿದ್ದೀರಿ, 120 ಡಾಲರ್ ಕಟ್ಟಿ ಅಂತ. ಅದು ಅವರೇ ತೆಗೆದ ಫೋಟೋ! 2016ರಲ್ಲಿ ಅವರು ಕೋರ್ಟಿಗೆ ಹೋದರು, ಆದ್ರೆ ಕೃತಿಸ್ವಾಮ್ಯದ ವಾದ ಅಲ್ಲಿ ನಿಲ್ಲಲಿಲ್ಲ. ಹಾಗಾಗಿ ನಿಮಗೂ ಇಂಥ ಮೇಲ್ ಬಂದ್ರೆ ಗಾಬರಿಯಲ್ಲಿ ಯುಪಿಐ ಮಾಡಬೇಡಿ. ಮೊದಲು ಫೋಟೋ ಇಳಿಸಿ. ಆಮೇಲೆ ಇವರೇ ಹಕ್ಕುದಾರರು ಅನ್ನೋಕೆ ದಾಖಲೆ ಕೇಳಿ. ನಿಮ್ಮ ಸ್ಕ್ರೀನ್‌ಶಾಟ್ ತೆಗೆದು ನೋಡಿ. ನಿಜವಾಗಿ ತಪ್ಪಾಗಿದ್ರೆ ವಾದ ಮಾಡದೆ ಒಪ್ಪಿಕೊಳ್ಳಿ.

ನಾನು ಮಾಡಿದ್ದೂ ಅದೇ. ಸೋಮವಾರಪೇಟೆಯವರಿಗೆ ಫೋನ್ ಮಾಡಿ ಕ್ಷಮೆ ಕೇಳಿದೆ. ಎಷ್ಟು ಕೊಡಲಿ ಅಂದೆ. ಮೂರು ಸಾವಿರ ಅಂದ್ರು. ನನ್ನ ಆ ತಿಂಗಳ ಪಾಡ್‌ಕಾಸ್ಟ್ ಆದಾಯ ಅದಕ್ಕಿಂತ ಕಡಿಮೆ ಇತ್ತು, ಆ ವಿಷಯ ಬೇರೆ. ಕೊಟ್ಟೆ. ಎಲ್ಲಿ, ಎಷ್ಟು ದಿನ, ಹೇಗೆ ಬಳಸಬಹುದು ಅಂತ ಅವರು ನಾಲ್ಕು ಸಾಲು ಮೇಲ್‌ನಲ್ಲಿ ಬರೆದುಕೊಟ್ರು. ಈಗ ಆ ಸಂಚಿಕೆಯ ಮೇಲೆ ಅವರ ಕಾಫಿ ಹೂವೂ ಇದೆ, ಅವರ ಹೆಸರೂ ಇದೆ.

ಆದ್ರೆ ಲೆಕ್ಕ ಅಲ್ಲಿಗೆ ಚುಕ್ತಾ ಆಗಲಿಲ್ಲ. ಮೊದಲ ಫೋಟೋದ ಹೆಂಗಸು ಉಳಿದರು.

ಮುನ್ನಾರಿನ ಫೋಟೋ ತೆಗೆದವರಿಗೆ ಬರೆದಾಗ ಅವರನ್ನು ಇನ್ನೊಂದು ಮಾತೂ ಕೇಳಿದ್ದೆ. ಆ ಹೆಂಗಸಿನ ಒಪ್ಪಿಗೆ ತಗೊಂಡಿದ್ರಾ ಅಂತ. ಅವರ ಉತ್ತರ: 'ಅವರು ನಕ್ಕರು, ನಾನು ತೆಗೆದೆ. ಹೆಸರು ಕೇಳಲಿಲ್ಲ.' ಫೋಟೋದಲ್ಲಿರುವ ವ್ಯಕ್ತಿಯ ಲಿಖಿತ ಒಪ್ಪಿಗೆಗೆ ಮಾಡೆಲ್ ರಿಲೀಸ್ ಅಂತಾರೆ. ಉಚಿತ ಸೈಟುಗಳು ಫೋಟೋದ ಲೈಸೆನ್ಸ್ ಕೊಡ್ತವೆ, ಒಳಗಿರುವ ಮನುಷ್ಯರ ಒಪ್ಪಿಗೆಗೆ ಖಾತರಿ ಕೊಡಲ್ಲ. ಅಂದ್ರೆ ಕಾಗದದ ಮೇಲೆ ನನ್ನ ಮೊದಲ ಫೋಟೋದ ಲೈಸೆನ್ಸ್ ಸರಿಯೇ ಇತ್ತು. ಆದ್ರೆ ಕೇರಳದಲ್ಲಿ ಎಲ್ಲೋ ಟೀ ಕೊಯ್ಯುವ ಒಬ್ಬ ತಾಯಿಯ ಮುಖದ ಪಕ್ಕ 'ಸಾಲ ತೀರಿಸೋಕೆ ಆಗ್ತಿಲ್ಲ' ಅಂತ ನಾನು ಬರೆದೆ. ಆ ಸಾಲ ಅವರು ಮಾಡಿಲ್ಲ. ಆ ಮಾತು ಅವರು ಆಡಿಲ್ಲ. ಆ ಭಾಷೆಯೂ ಬಹುಶಃ ಅವರದಲ್ಲ. ನಮ್ಮ ಅಮ್ಮನ ಫೋಟೋ ಪಕ್ಕ ಯಾರಾದ್ರೂ ಹಾಗೆ ಬರೆದಿದ್ರೆ ನಾನು ಸುಮ್ಮನಿರ್ತಿದ್ನಾ? ಅವರಿಗೆ ಕ್ಷಮೆ ಕೇಳೋಣ ಅಂದ್ರೆ ಹೆಸರೂ ಗೊತ್ತಿಲ್ಲ.

ಅವತ್ತಿಂದ ಒಂದು ನಿಯಮ. ಸಾಲ, ಕಾಯಿಲೆ, ಅಪರಾಧ, ಬಡತನ, ಇಂಥ ವಿಷಯಕ್ಕೆ ಸ್ಟಾಕ್ ಫೋಟೋದ ಮುಖ ಹಾಕಲ್ಲ. ಕೈ, ತೋಟ, ಪಾಸ್‌ಬುಕ್ಕು, ಬೀಗ ಹಾಕಿದ ಬಾಗಿಲು, ಏನಾದ್ರೂ ಆಗಲಿ. ಮುಖ ಬೇಕೇ ಬೇಕಂದ್ರೆ ಮಾತಾಡಿದವರದೇ, ಅವರನ್ನು ಕೇಳಿ.

ಈಗ ನನ್ನ ಫೋನಲ್ಲಿ ಒಂದು ಶೀಟ್ ಇದೆ. ಎಂಟು ಕಾಲಂ. ದಿನಾಂಕ, ಫೈಲ್ ಹೆಸರು, ಲಿಂಕ್, ತೆಗೆದವರು, ಲೈಸೆನ್ಸ್, ಯಾವ ಊರು ಅಂತ ಹೇಳಿದ್ದಾರೆ, ಅದಕ್ಕೆ ಸಾಕ್ಷಿ ಏನು, ಎಲ್ಲಿ ಬಳಸಿದೆ. ಒಂದು ಫೋಟೋಗೆ ನಾಲ್ಕು ನಿಮಿಷದ ಬದಲು ಇಪ್ಪತ್ತು ನಿಮಿಷ ಆಗುತ್ತೆ. ಯಾವ ಕಾಲಂ ಖಾಲಿ ಇದ್ರೂ ಆ ಫೋಟೋ ಹೊರಗೆ ಹೋಗಲ್ಲ. ನೀವು ಪಾಡ್‌ಕಾಸ್ಟ್ ಮಾಡದೇ ಇರಬಹುದು. ಆದ್ರೆ ಕಾಲೇಜ್ ಮ್ಯಾಗಜಿನ್, ಊರ ಹಬ್ಬದ ಪೋಸ್ಟರ್, ಅಂಗಡಿಯ ಇನ್‌ಸ್ಟಾ ಪೇಜ್, ಏನೋ ಒಂದು ಮಾಡ್ತಿರ್ತೀರಿ. ಅದಕ್ಕೂ ಈ ಎಂಟು ಕಾಲಂ ಸಾಕು.

ಆ ಮಡಿಕೇರಿ ಹುಡುಗಿ ಈಗ ನಮ್ಮ ಅಘೋಷಿತ ಆಡಿಟರ್. ಕೊಡಗಿನ ಫೋಟೋ ಅಂತ ಏನು ಸಿಕ್ಕಿದ್ರೂ ಮೊದಲು ಅವಳಿಗೆ ಕಳಿಸ್ತೀನಿ. ಕಳೆದ ತಿಂಗಳು ಒಂದು ಕಳಿಸಿದೆ. ಸಿಲ್ವರ್ ಓಕ್ ಇತ್ತು, ಕರಿಮೆಣಸಿನ ಬಳ್ಳಿ ಇತ್ತು, ಕಾಫಿ ಗಿಡವಂತೂ ಗ್ಯಾರಂಟಿ ಇತ್ತು. ಈ ಸಲ ನಾನೇ ಗೆದ್ದೆ ಅಂದ್ಕೊಂಡೆ.

ಐದು ನಿಮಿಷಕ್ಕೆ ಉತ್ತರ ಬಂತು. 'ಅಣ್ಣ, ಇದು ಸಕಲೇಶಪುರ.'

ಆರನೇ ಕಾಲಂ ತಿದ್ದಿದೆ.